ತೋಳಿನಿಂದ ತೋಳಿಗೆ

ಲಸಿಕೆಯ ಚರಿತ್ರೆ ಅಂದರೆ ನಮಗೆ ಕಲಿಸಿದ್ದು ಒಂದೇ ಹೆಸರು: ಎಡ್ವರ್ಡ್ ಜೆನ್ನರ್. 1796ರಲ್ಲಿ ಅವನು ಗೀರಿದ ತೋಳು ಯಾರದು? ತೋಟದ ಕೆಲಸದವನ ಎಂಟು ವರ್ಷದ ಮಗ ಜೇಮ್ಸ್ ಫಿಪ್ಸ್‌ನದು. 1802ರ ಜೂನ್ 14ರಂದು ಬೊಂಬಾಯಿಯಲ್ಲಿ, ಇಂಡಿಯಾದಲ್ಲೇ ಮೊದಲು ಲಸಿಕೆ ಹತ್ತಿದ್ದು ಆಳುಮಗಳೊಬ್ಬಳ ಮೂರು ವರ್ಷದ ಕೂಸು ಆನಾ ಡಸ್ಟ್‌ಹಾಲ್‌ಗೆ.

ಆಗ ಐಸ್ ಪೆಟ್ಟಿಗೆ ಎಲ್ಲಿತ್ತು? ಬಿಸಿಲಿಗೆ ಲಸಿಕೆ ಕೆಡುತ್ತಿತ್ತು. ಅದನ್ನು ಉಳಿಸುವ ಪಾತ್ರೆ ಮಗುವಿನ ಮೈ. ಒಂದು ಮಗುವಿನ ತೋಳಲ್ಲಿ ಗುಳ್ಳೆ ಎದ್ದರೆ ವಾರದೊಳಗೋ ಎಂಟನೇ ದಿನಕ್ಕೋ ಅದರ ರಸ ತೆಗೆದು ಇನ್ನೊಂದು ಮಗುವಿಗೆ ಹಾಕಬೇಕು. 1803ರಲ್ಲಿ ಸ್ಪೇನಿನ ದೊರೆ ಅಮೆರಿಕದ ತನ್ನ ವಸಾಹತುಗಳಿಗೆ ಲಸಿಕೆ ಕಳಿಸಿದಾಗ ಹಡಗು ಹತ್ತಿಸಿದ್ದು 22 ಅನಾಥ ಹುಡುಗರನ್ನು.

ನಮ್ಮಲ್ಲಿ ಈ ಸರಪಳಿಗೆ ಜಾತಿ ಅಡ್ಡ ಬಂತು. ಕೀಳೆಂದವರ ಮಗುವಿನ ರಸ ತಮ್ಮ ಮಗುವಿಗೆ ಸೇರಬಾರದೆಂದು ಮೇಲಿನವರು ಹಟ ಹಿಡಿದರು. ಬಡತಾಯಿಯ ಭಯವೇ ಬೇರೆ: ಕೂಸಿನ ಗುಳ್ಳೆಯನ್ನು ಮತ್ತೆ ಕೆರೀತಾರೆ. ಇದನ್ನೂ ಸರ್ಕಾರಿ ಕಾಗದಗಳು ಮೌಢ್ಯ ಅಂತಲೇ ಬರೆದವು. ಕೂಸಿನ ನೋವಿಗೆ ಹೆತ್ತವಳು ಅಳುಕಿದರೆ ಅದು ಮೌಢ್ಯವೇ?

ಕರುವಿನ ಮೈಯಲ್ಲಿ ಲಸಿಕೆ ಬೆಳೆಸಲು ಕಲಿತ ಮೇಲೆ ಆ ನೋವು ತಪ್ಪಿತು. 1975ಕ್ಕೆ ದೇಶದಲ್ಲಿ ಸಿಡುಬು ಕೊನೆಯಾಯಿತು. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಬಂತು: ಕ್ಷಯ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ, ಈ ಆರು ರೋಗಗಳ ವಿರುದ್ಧ. 'ಸಾರ್ವತ್ರಿಕ' ಎಂಬ ಮಾತು ಮಾತ್ರ ಕಾಗದದ ಮೇಲೆ ಸುಲಭ. ಸೂಜಿ ದೇವಸ್ಥಾನದ ಜಗಲಿ ಮೇಲೆ ಕೂತರೆ ಕೇರಿಯ ಕೂಸು ಅಲ್ಲಿಗೆ ಹೋಗೋದು ಹೇಗೆ? ಹಗಲೆಲ್ಲ ತಾಯಿ ಕೂಲಿಗೆ ಹೋದರೆ ಮಗುವನ್ನು ಎತ್ತಿಕೊಂಡು ಬರೋರು ಯಾರು?

ಪೋಲಿಯೊ ಇದಕ್ಕೆ ಉತ್ತರ ಹೇಳಿತು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗ ಜನ ಬೂತಿಗೆ ಬರಬೇಕಿತ್ತು. ಮಕ್ಕಳು ತಪ್ಪಿಹೋದರು. ಆಮೇಲೆ ಬಾಗಿಲು ಬಾಗಿಲಿಗೆ ನಡೆದರು. ಕೊನೆಯ ರೋಗಿ ಕಂಡದ್ದು 2011ರ ಜನವರಿಯಲ್ಲಿ. ಹಾಗೆ ನಡೆದವರಲ್ಲಿ ಅಂಗನವಾಡಿಯ, ಆಶಾದ ಹೆಣ್ಣುಮಕ್ಕಳೇ ಹೆಚ್ಚು. ಅವರ ಕೈಗೆ ಸಿಗೋದು ಇವತ್ತಿಗೂ ಸಂಬಳವಲ್ಲ, ಗೌರವಧನ.

ಗೆಳೆಯರೇ, ಊರಲ್ಲಿ ಲಸಿಕೆ ಶಿಬಿರ ಮಾಡೋರು ನೀವಾದರೆ ಕೇರಿಯಲ್ಲೇ ಮಾಡಿ. ಹುಟ್ಟಿದ ಪ್ರತಿ ಕೂಸಿನ ಹೆಸರು ಬರೆದುಕೊಳ್ಳಿ. ಹೊತ್ತು ಗೊತ್ತು ಮಾಡುವ ಮುಂಚೆ ಕೂಲಿ ತಾಯಂದಿರನ್ನು ಕೇಳಿ. ಜ್ವರ ಬರಬಹುದು, ಹೆದರಬೇಡವ್ವಾ ಅಂತ ಮೊದಲೇ ಹೇಳಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಮತ್ತೆ ಒಂಬತ್ತು ತಿಂಗಳಿಗೆ ಅವಳು ತಿರುಗಿ ಬರಬೇಕು. ಹೇಳದೆ ಚುಚ್ಚಿದರೆ ಬರುವುದಿಲ್ಲ.

ಲಸಿಕೆಯನ್ನು ಈ ದೇಶಕ್ಕೆ ಹೊತ್ತು ತಂದದ್ದು ಆಳುಮಕ್ಕಳ ತೋಳು. ಅದು ಕೊನೆಗೆ ತಲುಪುವ ತೋಳೂ ಅದೇ ಆಗಬಾರದು.