ಮೂತ್ರಪಿಂಡದ ಕಲ್ಲು: ನೋವು ನಿಂತರೂ ಅಪಾಯ ನಿಲ್ಲದು

ಅಡಿಕೆ, ರಬ್ಬರ್, ಕೊಕ್ಕೋ ತೋಟಗಳನ್ನೇ ನೆಚ್ಚಿಕೊಂಡಿರುವ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳಲ್ಲಿ ಮಾರ್ಚ್‌ನಿಂದ ಮೇ ತನಕ ಸೆಖೆ ವಿಪರೀತ. ತೋಟದಲ್ಲಿ ದುಡಿಯುವವರು ಬೆವರಾಗಿ ಕಳೆದುಕೊಂಡಷ್ಟು ನೀರನ್ನು ಮರಳಿ ಕುಡಿಯದಿದ್ದಲ್ಲಿ ಮೂತ್ರ ಗಾಢವಾಗಿ, ಅದರಲ್ಲಿರುವ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಹರಳುಗಟ್ಟುತ್ತವೆ. ಮೂತ್ರಪಿಂಡದ ಕಲ್ಲು ಹುಟ್ಟುವುದು ಹೀಗೆ. ಊರಿನಲ್ಲಿ ದೋಷವನ್ನೆಲ್ಲ ಕೊಳವೆಬಾವಿಯ ಮೇಲೆ ಹೊರಿಸುವುದುಂಟು. ಆದರೆ ಎಂಥ ನೀರು ಎಂಬುದಕ್ಕಿಂತ ಎಷ್ಟು ನೀರು ಎಂಬುದೇ ಇಲ್ಲಿ ಮುಖ್ಯ.

5 ಮಿ.ಮೀ.ಗಿಂತ ಸಣ್ಣ ಕಲ್ಲುಗಳು ಬಹುಪಾಲು ತಾವಾಗಿಯೇ ಹೊರಬೀಳುತ್ತವೆ, 10 ಮಿ.ಮೀ. ದಾಟಿದವು ಹಾಗೆ ಬೀಳುವುದು ವಿರಳ. ಪಕ್ಕೆಯಿಂದ ತೊಡೆಸಂದಿನವರೆಗೆ ಹರಿಯುವ ಅಸಹನೀಯ ನೋವು ಎರಡು ದಿನಗಳಲ್ಲಿ ಶಮನವಾದರೆ ಕಲ್ಲು ಹೋಯಿತೆಂದು ಭಾವಿಸುವವರೇ ಹೆಚ್ಚು. ಇದು ಅಪಾಯಕಾರಿ ಭ್ರಮೆ. ಕಲ್ಲು ಮೂತ್ರನಾಳದಲ್ಲೇ ಸಿಲುಕಿದ್ದರೂ ನೋವು ಕಡಿಮೆಯಾಗಬಹುದು. ಆಗ ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡ ಊದಿಕೊಳ್ಳುತ್ತದೆ. ಇದಕ್ಕೆ ಹೈಡ್ರೊನೆಫ್ರೋಸಿಸ್ ಎಂದು ಹೆಸರು. ನಾಳ ಪೂರ್ಣ ಮುಚ್ಚಿಹೋಗಿದ್ದರೆ ಕೆಲವೇ ವಾರಗಳಲ್ಲಿ ಶಾಶ್ವತ ಹಾನಿ ಆರಂಭವಾಗುತ್ತದೆ. ಇನ್ನೊಂದು ಮೂತ್ರಪಿಂಡ ಕೆಲಸ ಮಾಡುತ್ತಿರುವುದರಿಂದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸರಿಯಾಗಿಯೇ ಕಾಣಬಹುದು. ಸ್ಕ್ಯಾನಿಂಗ್ ಮಾಡಿಸದ ಹೊರತು ಸುಳಿವು ಸಿಗುವುದಿಲ್ಲ.

ನೋವಿನೊಂದಿಗೆ ಚಳಿಜ್ವರ ಕಾಣಿಸಿಕೊಂಡರೆ ಕಾಯುವಂತಿಲ್ಲ. ತಡೆದು ನಿಂತ ಮೂತ್ರದಲ್ಲಿ ಸೋಂಕು ಬೆಳೆದು ರಕ್ತಕ್ಕೆ ಹರಡಿದರೆ ಪ್ರಾಣಕ್ಕೇ ಸಂಚಕಾರ. ಇಂಥ ಸ್ಥಿತಿಯಲ್ಲಿ ಆ್ಯಂಟಿಬಯೋಟಿಕ್ ಮಾತ್ರ ಸಾಲದು. ಮೂತ್ರನಾಳಕ್ಕೆ ಸ್ಟೆಂಟ್ ಇಳಿಸಿ ಅಥವಾ ಬೆನ್ನಿನ ಮೂಲಕ ನಳಿಕೆ ಹಾಕಿ ಮೂತ್ರ ಹೊರಬಿಡಬೇಕು. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಇದೆ. ಮಂಗಳೂರಿಗೇ ಹೋಗಬೇಕಾದಲ್ಲಿ ಪುತ್ತೂರಿನಿಂದ ಸುಮಾರು 50 ಕಿ.ಮೀ., ಸುಳ್ಯದಿಂದ ಸುಮಾರು 85 ಕಿ.ಮೀ. ಕಾಡಂಚಿನ ಹಳ್ಳಿಗಳವರು ಬೆಳಗಾಗಲಿ ಎಂದು ಕಾದರೆ ಆ ರಾತ್ರಿಯೇ ದುಬಾರಿಯಾದೀತು.

ಕಲ್ಲು ಎಂದೊಡನೆ ಈ ಭಾಗದ ಮನೆಗಳಲ್ಲಿ ಮೊದಲು ನೆನಪಾಗುವುದು ಬಾಳೆದಿಂಡಿನ ರಸ, ಹುರುಳಿಯ ಕಷಾಯ, ಕಾಡುಬಸಳೆ ಎಲೆ. ದಿಂಡಿನ ರಸದಿಂದ ದೇಹಕ್ಕೆ ನೀರು ಸೇರುವುದಂತೂ ನಿಜ. ಆದರೆ ನಾಳದಲ್ಲಿ ಸಿಲುಕಿದ ದೊಡ್ಡ ಕಲ್ಲಿಗೆ ಅದು ಉತ್ತರವಲ್ಲ. ಪ್ರಾಚೀನರೂ ಈ ರೋಗವನ್ನು ಹಗುರವಾಗಿ ಕಂಡಿರಲಿಲ್ಲ. ಸುಶ್ರುತ ಸಂಹಿತೆ ಅಶ್ಮರಿಯನ್ನು ಎಂಟು ಮಹಾರೋಗಗಳ ಸಾಲಿನಲ್ಲಿರಿಸಿ, ಶಸ್ತ್ರಚಿಕಿತ್ಸೆಯನ್ನೂ ವಿವರಿಸಿದೆ.

ಹಿತ್ತಿಲಿನ ಬಿಂಬುಳಿ, ದಾರೆಹುಳಿಗಳ ವಿಚಾರದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಇವುಗಳಲ್ಲಿ ಆಕ್ಸಲೇಟ್ ಅಧಿಕ. ನೆರೆಯ ಕೇರಳದ ಐದು ಆಸ್ಪತ್ರೆಗಳಲ್ಲಿ ಬಿಂಬುಳಿ ರಸ ಕುಡಿದು ಮೂತ್ರಪಿಂಡ ವೈಫಲ್ಯಕ್ಕೆ ತುತ್ತಾದ 10 ರೋಗಿಗಳ ವಿವರ 2013ರಲ್ಲಿ ಪ್ರಕಟವಾಯಿತು; ಅವರಲ್ಲಿ ಏಳು ಮಂದಿಗೆ ಡಯಾಲಿಸಿಸ್ ಬೇಕಾಯಿತು. ಸಾರಿಗೆ ಹುಳಿಯಾಗಿ ಎರಡು ಕಾಯಿ ಹಾಕುವುದು ಬೇರೆ, ಔಷಧಿಯೆಂದು ಲೋಟಗಟ್ಟಲೆ ರಸ ಕುಡಿಯುವುದು ಬೇರೆ.

ಒಮ್ಮೆ ಕಲ್ಲಾದವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ದಿನಕ್ಕೆ ಎರಡೂವರೆ ಲೀಟರ್‌ನಷ್ಟು ಮೂತ್ರ ಹೋಗುವಂತೆ ನೀರು ಕುಡಿಯುವುದು, ಉಪ್ಪು ಕಡಿಮೆ ಮಾಡುವುದು ಉಪಯುಕ್ತ. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲು, ಮಜ್ಜಿಗೆ ಬಿಡುವವರಿದ್ದಾರೆ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದಿಡುವುದರಿಂದ ಅದನ್ನು ಬಿಡುವುದು ತಪ್ಪು. ಹೊರಬಿದ್ದ ಕಲ್ಲನ್ನು ಎಸೆಯದೆ ವೈದ್ಯರಿಗೆ ಒಪ್ಪಿಸಿದರೆ ಅದು ಯಾವ ಬಗೆಯದೆಂದು ಪರೀಕ್ಷಿಸಿ, ತಕ್ಕ ಪಥ್ಯ ಸೂಚಿಸಲು ಸಾಧ್ಯವಾಗುತ್ತದೆ.