ಸಿಟಿಸಿಯ ಹಳೇ ಕಾರ್ಡೂ, ಅಪ್ಪನ ಕನ್ನಡವೂ

ಹೈದರಾಬಾದಿಗೆ ಬಂದು ಮೂವತ್ತೈದು ವರ್ಷದ ಮೇಲಾಯಿತು. ಸಿಕಂದರಾಬಾದಿನ ಪ್ಯಾರಡೈಸ್ ಸರ್ಕಲ್ಲಿಗೆ ಜನ ಬಿರಿಯಾನಿ ತಿನ್ನಲು ಹೋಗುತ್ತಾರೆ. ನಾನು ಹೋಗುವುದು ಅದಕ್ಕೆ ಹತ್ತಿರದ ಪಾರ್ಕ್ ಲೇನಿಗೆ. ಅಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಅಂತ ಒಂದು ಕಟ್ಟಡವಿದೆ, ಊರವರ ಬಾಯಲ್ಲಿ ಸಿಟಿಸಿ. ಈ ಊರಲ್ಲಿ ಕಂಪ್ಯೂಟರ್ ಜೋಡಿಸಿಕೊಂಡ ಹಳಬರೆಲ್ಲ ಒಂದಲ್ಲ ಒಂದು ದಿನ ಅದರ ಮೆಟ್ಟಿಲು ಹತ್ತಿದವರೇ. ನಾನೂ 2000ದಲ್ಲಿ ಪೆಂಟಿಯಂ 3 ಜೋಡಿಸಿಕೊಂಡದ್ದು ಅಲ್ಲೇ.

ಆ ಪೆಟ್ಟಿಗೆ ಇನ್ನೂ ಮನೆಯಲ್ಲಿದೆ. ಎಸೆಯೋಣವೆಂದರೆ ಅದರಲ್ಲಿ ಅಪ್ಪ ಇದ್ದಾರೆ!

ಅಪ್ಪ ರಾಯಚೂರು ಕಡೆಯ ಶಾಲಾ ಮಾಸ್ತರರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿ, ಮುಂದೆ ಜೀವನಪೂರ್ತಿ ಕನ್ನಡ ಕಲಿಸಿದವರು. ನಿವೃತ್ತಿಯಾಗಿ ನಮ್ಮಲ್ಲಿಗೆ ಬಂದ ಮೇಲೆ ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ತಮ್ಮ ನೆನಪುಗಳನ್ನು ಬರೆದರು. 1948ರ ಸೆಪ್ಟೆಂಬರಿನಲ್ಲಿ ಹಳ್ಳಿ ಬಿಟ್ಟು ಓಡಿದ್ದು, ಪೊಲೀಸ್ ಕಾರ್ಯಾಚರಣೆ ಮುಗಿದು ಮರಳಿ ಬಂದದ್ದು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ದಿನ... ಎಲ್ಲ ಸೇರಿ ಹನ್ನೊಂದು ಅಧ್ಯಾಯ. ಬರೆದದ್ದು ಆ ಕಾಲದ ಒಂದು ಕನ್ನಡ ತಂತ್ರಾಂಶದಲ್ಲಿ. ಅದಕ್ಕೊಂದು ಬೀಗವಿತ್ತು. ಹಾಗಂದರೆ ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಒಂದು ಪುಟ್ಟ ಡಬ್ಬಿ. ಡಬ್ಬಿ ಇಲ್ಲದಿದ್ದರೆ ತಂತ್ರಾಂಶ ತೆರೆಯದು, ತಂತ್ರಾಂಶವಿಲ್ಲದಿದ್ದರೆ ಕಡತ ತೆರೆಯದು. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ.

ಅಪ್ಪ ಹೋಗಿ ಬಹಳ ವರ್ಷವಾಯಿತು. ಕಳೆದ ವರ್ಷ ತಂಗಿ ಫೋನಿನಲ್ಲಿ, "ಅಣ್ಣಾ, ಅಪ್ಪ ಬರದದ್ದು ಮಕ್ಕಳಿಗಾದ್ರೂ ತೋರಿಸಬೇಕಲ್ಲೋ" ಅಂದಳು. ಪೆಟ್ಟಿಗೆಯ ಧೂಳು ಕೊಡವಿ ಸ್ವಿಚ್ ಹಾಕಿದೆ. ಒಂದು ಉದ್ದ ಬೀಪ್, ಎರಡು ಗಿಡ್ಡ ಬೀಪ್, ಪರದೆ ಕಪ್ಪು. ನನ್ನ ಬೋರ್ಡಿನಲ್ಲಿ ಹಾಗೆ ಕೂಗಿದರೆ ಡಿಸ್‌ಪ್ಲೇ ಕಾರ್ಡ್ ಕೈಕೊಟ್ಟಿದೆ ಎಂದರ್ಥ. ಬೋರ್ಡಿನಲ್ಲೇ ಚಿತ್ರ ತೋರಿಸುವ ವ್ಯವಸ್ಥೆ ಅದಕ್ಕಿಲ್ಲ. ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಪೂರ್ತಿ ನಕಲು ಮಾಡಿಕೊಂಡೆ. ಆಮೇಲೆ ಸಿಟಿಸಿ.

ಬೇಕಾದದ್ದು ಎಜಿಪಿ ಕಾರ್ಡ್. ಇಂಟೆಲ್ 1997ರಲ್ಲಿ ಮಾರುಕಟ್ಟೆಗೆ ತಂದ ಸ್ಲಾಟ್ ಅದು. 2004ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲೆ ಮೂಲೆಗುಂಪಾಯಿತು. ಅದರಲ್ಲೂ 3.3 ವೋಲ್ಟಿನದು ಬೇರೆ, 1.5 ವೋಲ್ಟಿನದು ಬೇರೆ. ಅಂಚಿನ ಕಚ್ಚು ನೋಡಿಯೇ ಕೊಳ್ಳಬೇಕು. ಅಂಗಡಿಯ ಹುಡುಗ ನನ್ನ ಸತ್ತ ಕಾರ್ಡನ್ನು ತಿರುಗಿಸಿ ನೋಡಿ, "ಕ್ಯಾ ಸಾಬ್, ಇಸ್ಕು ಸಾಲಾರ್‌ಜಂಗ್ ಮ್ಯೂಸಿಯಂ ಮೇ ದೇದೇವ್" ಅಂದ. ಆದರೂ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿ, ಎರಡೂ ಕಚ್ಚಿದ್ದ ಒಂದನ್ನು ಹುಡುಕಿಕೊಟ್ಟ. ಗ್ಯಾರಂಟಿ ನಕ್ಕೋ ಪೂಛೋ ಅಂತ ಮೊದಲೇ ಹೇಳಿದ.

ಮನೆಗೆ ತಂದು ಹಾಕಿದೆ. ಪರದೆ ಬೆಳಗಿತು. ಆದರೆ ಅಕ್ಷರಗಳೆಲ್ಲ ಹುಚ್ಚು ಹುಚ್ಚಾಗಿದ್ದವು.

ಇಂಥ ಹೊತ್ತಿನಲ್ಲಿ ಗಡಿಬಿಡಿ ಮಾಡಬಾರದು. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು. ಬೇರೆ ಮಾನಿಟರ್ ಹಾಕಿದೆ, ಅದೇ ಕಥೆ. ಕಾರ್ಡಿನ ಬಂಗಾರದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ, ಅದೇ. ಕಪಾಸಿಟರುಗಳು ಉಬ್ಬಿರಲಿಲ್ಲ, ಫ್ಯಾನ್ ತಿರುಗುತ್ತಿತ್ತು. ಡ್ರೈವರ್ ತಪ್ಪೇ? ಅಲ್ಲ. ವಿಂಡೋಸ್ ಶುರುವಾಗುವುದಕ್ಕೂ ಮೊದಲು, ಬಯಾಸ್ ಪರದೆಯಲ್ಲೇ ಅಕ್ಷರ ಕೆಟ್ಟಿದ್ದವು. ಆ ಹೊತ್ತಿಗೆ ಡ್ರೈವರ್ ಇನ್ನೂ ಎದ್ದೇ ಇರುವುದಿಲ್ಲ.

ಕಾಗದದ ಮೇಲೆ ಬರೆದುಕೊಂಡು ನೋಡಿದೆ. ಇಂಗ್ಲಿಷಿನ ಎ ಇರಬೇಕಾದ ಕಡೆ ಇ, ಬಿ ಇರಬೇಕಾದ ಕಡೆ ಎಫ್. ಡಿ ಮಾತ್ರ ಡಿ ಆಗಿಯೇ ಉಳಿದಿತ್ತು. ಕಂಪ್ಯೂಟರಿಗೆ ಎ ಎಂದರೆ 65, ಇ ಎಂದರೆ 69. ಬಿ 66, ಎಫ್ 70. ವ್ಯತ್ಯಾಸ ಎರಡು ಕಡೆಯೂ 4. ಡಿ 68, ಅದರಲ್ಲಿ ಆ 4 ಮೊದಲೇ ಇದೆ. ಅಂದರೆ ಎಂಟು ಬಿಟ್‌ಗಳಲ್ಲಿ ಒಂದು ಬಿಟ್ ಸದಾ ಒಂದಾಗಿಯೇ ನಿಂತುಬಿಟ್ಟಿದೆ. ತಪ್ಪು ಕಾರ್ಡಿನ ಮೆಮೊರಿಯದು! ಮೆಮೊರಿ ಚಿಪ್ಪನ್ನು ಬೆರಳಿಂದ ಮೆಲ್ಲಗೆ ಒತ್ತಿದಾಗ ಅಕ್ಷರ ಸರಿಯಾಗಿ, ಬಿಟ್ಟರೆ ಮತ್ತೆ ಕೆಟ್ಟಿತು. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಕಾಲಿನ ಬೆಸುಗೆ ಬಿರಿದಿತ್ತು.

ಇಲ್ಲಿ ಸ್ವಲ್ಪ ಇತಿಹಾಸಕ್ಕೆ ಹೋಗಬೇಕು. ಯಾಕೆಂದರೆ ಅಪ್ಪನ ಕನ್ನಡಕ್ಕೆ ಬೀಗ ಬಿದ್ದದ್ದಕ್ಕೂ ಈ ಕಾರ್ಡಿಗೂ ನಂಟಿದೆ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಕಪ್ಪುಬಿಳುಪು ಕಾರ್ಡ್ ಚಿತ್ರ ಬರೆಯುತ್ತಿರಲಿಲ್ಲ. ಸಾಲಿಗೆ 80ರಂತೆ 25 ಸಾಲು, ಒಟ್ಟು 2000 ಮನೆಗಳು. ಮನೆಗೊಂದು ಸಂಖ್ಯೆ ಕೊಟ್ಟರೆ ಕಾರ್ಡ್ ತನ್ನೊಳಗೆ ಕೊರೆದಿಟ್ಟ 256 ಅಚ್ಚುಗಳಲ್ಲಿ ಒಂದನ್ನು ಒತ್ತುತ್ತಿತ್ತು. ಅಚ್ಚಿನ ಪೆಟ್ಟಿಗೆಯಲ್ಲಿ ಕನ್ನಡವೇ ಇಲ್ಲದ ಮೇಲೆ ಪರದೆಯಲ್ಲಿ ಎಲ್ಲಿಂದ ಬರಬೇಕು? ನಮ್ಮ ಗುಣಿತಾಕ್ಷರ ಒಂದೇ ಅಗಲದ ಮನೆಯಲ್ಲಿ ಹಿಡಿಯುವುದೂ ಇಲ್ಲ, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು.

ಕಂಪ್ಯೂಟರ್ ನಮ್ಮ ಊರಿಗೆ ಹೊಸದೇನಲ್ಲ. ಇಲ್ಲಿಯ ಇಸಿಐಎಲ್ ಕಾರ್ಖಾನೆ ಶುರುವಾದದ್ದು 1967ರಲ್ಲಿ. ಟಿಡಿಸಿ ಸರಣಿಯ ದೇಶೀ ಕಂಪ್ಯೂಟರುಗಳು ಅಲ್ಲಿ ತಯಾರಾದವು. ಆದರೆ ಯಂತ್ರ ದೇಶದ್ದಾದರೂ ಅಕ್ಷರ ದೇಶದ್ದಾಗಲು ಕಾಯಬೇಕಾಯಿತು. ಐಐಟಿ ಕಾನ್ಪುರದಲ್ಲಿ 1980ರ ದಶಕದಲ್ಲಿ ನಡೆದ ಕೆಲಸ ಮುಂದೆ ಸಿ-ಡ್ಯಾಕ್ ಸಂಸ್ಥೆಗೆ ಬಂದು ಜಿಸ್ಟ್ ಕಾರ್ಡ್ ಆಯಿತು. ಕಂಪ್ಯೂಟರ್ ಬಿಚ್ಚಿ, ಸ್ಲಾಟಿಗೆ ಒಂದು ಕಾರ್ಡ್ ಸಿಕ್ಕಿಸಿದರೆ ಡಾಸ್ ಕಾಲದ ಇಂಗ್ಲಿಷ್ ತಂತ್ರಾಂಶಗಳಲ್ಲೇ ಕನ್ನಡ! ಕನ್ನಡ ಆಗ ಒಂದು ಬಿಡಿಭಾಗವಾಗಿತ್ತು ಅಂದರೂ ನಡೆದೀತು.

1991ರಲ್ಲಿ ಭಾರತೀಯ ಮಾನಕ ಬ್ಯೂರೋ ಇಸ್ಕಿ ಎಂಬ ಸಂಕೇತವನ್ನು ಗೊತ್ತುಮಾಡಿತು. ಅದರಲ್ಲಿ ಕನ್ನಡದ ಕ-ಗೂ ತೆಲುಗಿನ ಕ-ಗೂ ಒಂದೇ ಸಂಖ್ಯೆ. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೆ ಕಾಗದದ ಮೇಲೆ ಸಿಕ್ಕ ಜಾಗ ಮನೆಯ ಕಂಪ್ಯೂಟರಿಗೆ ಬರಲು ಹತ್ತು ವರ್ಷ ಹಿಡಿಯಿತು. ವಿಂಡೋಸ್ ತಾನಾಗಿ ಕನ್ನಡ ಜೋಡಿಸಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ.

ನಡುವಿನ ಆ ಹತ್ತು ವರ್ಷ? ಪರದೆಗೆ ಆಗಲೇ ಚಿತ್ರ ಬರೆಯಲು ಬರುತ್ತಿತ್ತು, ಹಾಗಾಗಿ ಪ್ರತಿ ಕಂಪನಿಯೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತನಗೆ ತೋಚಿದಂತೆ ತುಂಬಿತು. ಒಬ್ಬರ ಸಂಖ್ಯೆ ಇನ್ನೊಬ್ಬರಿಗಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಸಾವಿರಾರು ಜನರ ಕೈಗೆ ಕನ್ನಡ ಕೊಟ್ಟವು, ನಿಜ. ಅಪ್ಪನ ಕೈಗೆ ಮಾತ್ರ ಅದಕ್ಕೂ ಮೊದಲೇ ಬೀಗದ ತಂತ್ರಾಂಶ ಬಂದಿತ್ತು.

ಕಾರ್ಡ್ ಏನಾಯಿತು ಅಂತೀರಾ? ಮೊಬೈಲ್ ರಿಪೇರಿ ಮಾಡುವ ಪರಿಚಯದ ಹುಡುಗನೊಬ್ಬ ಸಣ್ಣ ಮೊನೆಯ ಕಾವಿನಿಂದ ಆ ಕಾಲನ್ನು ಮುಟ್ಟಿದ. ಎರಡೇ ನಿಮಿಷ. ಎ ಮತ್ತೆ ಎ ಆಯಿತು. ಬೀಗದ ಡಬ್ಬಿ ಸಿಕ್ಕಿಸಿ ತಂತ್ರಾಂಶ ತೆರೆದರೆ ಅಪ್ಪನ ಹನ್ನೊಂದೂ ಅಧ್ಯಾಯ!

ಪಠ್ಯವನ್ನು ಹೊರತೆಗೆದು ಯೂನಿಕೋಡಿಗೆ ಪರಿವರ್ತಿಸಿದೆ. ಅರ್ಕಾವತ್ತು ಬಂದಲ್ಲೆಲ್ಲ ಎಡವಟ್ಟು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ಬರಬೇಕು. ಹಾಗಾಗಿ ಎರಡು ಪರದೆ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಿದ್ದಿದೆ. ಎರಡು ತಿಂಗಳು ರಾತ್ರಿ ಅದೇ ಕೆಲಸ. ಏಳನೆಯ ಅಧ್ಯಾಯದಲ್ಲಿ ನನ್ನ ಹೆಸರು ಬಂತು. ಮಗ ಹೈದರಾಬಾದಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ತಾವು ಅಳಲಿಲ್ಲವೆಂದೂ, ಮನೆಗೆ ಬಂದ ಮೇಲೆ ಅತ್ತೆವೆಂದೂ ಬರೆದಿದ್ದರು. ಅವರು ಬದುಕಿದ್ದಾಗ ನಾನದನ್ನು ಓದಿರಲಿಲ್ಲ. "ಆಮೇಲೆ ನೋಡ್ತೀನಪ್ಪಾ" ಅನ್ನುತ್ತಲೇ ಇದ್ದೆ.

ಬಿರಿದ ಬೆಸುಗೆಯನ್ನು ಎರಡು ನಿಮಿಷದಲ್ಲಿ ಹಚ್ಚಬಹುದು. ಸಂಖ್ಯೆ ಯಾವುದೆಂದು ತಿಳಿದವರೇ ಇಲ್ಲವಾದರೆ ಅಕ್ಷರ ಇದ್ದೂ ಇಲ್ಲದಂತೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದೊಂದು ಪೆಟ್ಟಿಗೆ ಇರಬಹುದು. ಅದು ಇನ್ನೂ ಎದ್ದೇಳುತ್ತಿರುವಾಗಲೇ ಒಳಗಿರುವುದನ್ನು ಯೂನಿಕೋಡಿಗೆ ತೆಗೆದಿಡಿ. ಆಗದಿದ್ದರೆ ಕಾಗದದ ಮೇಲಾದರೂ ಅಚ್ಚು ಹಾಕಿಸಿಕೊಳ್ಳಿ.

ಹಾಂ, ಓದುವುದನ್ನೂ ಮರೆಯಬೇಡಿ.