ಎಡದಂಡೆಯ ಲೆಫ್ಟ್ ಔಟ್

ತುಂಗಭದ್ರೆಗೆ ಕಟ್ಟಿದ ಅಣೆಕಟ್ಟು ಒಂದೇ ಆದರೂ 1945ರ ಫೆಬ್ರವರಿ 28ರಂದು ಅದಕ್ಕೆ ಬಿದ್ದ ಅಡಿಗಲ್ಲು ಎರಡು. ಬಲದಂಡೆಯಲ್ಲಿ ಮದರಾಸಿನ ಗವರ್ನರ್ ಆರ್ಥರ್ ಹೋಪ್, ಎಡದಂಡೆಯಲ್ಲಿ ನಿಜಾಮರ ಹಿರಿಯ ಮಗ, ಬೇರಾರಿನ ರಾಜಕುಮಾರ ಅಜಂ ಜಾ. ಎಡದಂಡೆಯ ಮುನಿರಾಬಾದ್ ಆಗ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯದು. ಎದುರಿಗಿದ್ದ ಹೊಸಪೇಟೆ ಮದರಾಸು ಪ್ರಾಂತ್ಯದ್ದು. ಹೊಸಪೇಟೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು, ಮುನಿರಾಬಾದ್ ಬರುವುದಕ್ಕೆ 1956ರ ನವೆಂಬರ್ 1 ಆಗಬೇಕಾಯಿತು. ಈ ಅದಲುಬದಲಿನಲ್ಲಿ ಕಂದಾಯ ಕಚೇರಿ, ಕೋರ್ಟು, ಶಾಲೆಯ ಭಾಷೆ ಏನೇನಾದವು ಎಂಬುದನ್ನು ಬರೆದವರಿದ್ದಾರೆ. ಆ ಊರುಗಳ ಫುಟ್‌ಬಾಲ್ ತಂಡವೂ ಅಂದೇ ಬದಲಾಯಿತು ಎಂಬುದು ಮಾತ್ರ ಲೆಕ್ಕಕ್ಕೆ ಬಂದಂತಿಲ್ಲ. ಸಣ್ಣ ಸಂಗತಿ ಎನ್ನಿಸಬಹುದು. ಆದರೆ ನಮ್ಮ ತಂಡ ಕಂಡ ಅತ್ಯುತ್ತಮ ವಿಂಗರ್ ಯಾರು ಎಂಬ ಜಗಳ ಎಡದಂಡೆಯಲ್ಲಿ ಎದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ನಮ್ಮದು ಎನ್ನುವುದು ಯಾವ ತಂಡ?

ಇಂದು ಕರ್ನಾಟಕದಲ್ಲಿ ಈ ಜಗಳ ನಡೆಯುವುದು ಬೆಂಗಳೂರು ಎಫ್‌ಸಿ ಸುತ್ತ. 2013ರಲ್ಲಿ ಹುಟ್ಟಿದ ಈ ಕ್ಲಬ್ಬು ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ಮುಟ್ಟಿತು, 2018–19ರಲ್ಲಿ ಐಎಸ್‌ಎಲ್ ಕಿರೀಟ ತೊಟ್ಟಿತು. ವಿಂಗರ್ ಮಾತು ಬಂದಾಗ ಮೂರು ಹೆಸರು ತಪ್ಪುವುದಿಲ್ಲ. ಹಲವು ಋತು ಎಡ ಅಂಚಿನಿಂದ ಆಡಿ ಕ್ಲಬ್ಬಿನ ಅತಿ ಹೆಚ್ಚು ಗೋಲುಗಳ ಒಡೆಯರಾದ ಸುನಿಲ್ ಛೇತ್ರಿ ಒಬ್ಬರು. 2017ರ ಫೆಡರೇಶನ್ ಕಪ್ ಫೈನಲ್ಲಿನಲ್ಲಿ, ಕಟಕದಲ್ಲಿ, ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದು ಮೋಹನ್ ಬಾಗಾನನ್ನು ಮಣಿಸಿದ ಕೇರಳದ ಸಿ.ಕೆ. ವಿನೀತ್ ಇನ್ನೊಬ್ಬರು. ಮೂರನೆಯವರು ಮಣಿಪುರದ ಉದಾಂತ ಸಿಂಗ್. 2014ರಲ್ಲಿ ಬಂದು 2023ರವರೆಗೆ ಬಲ ಅಂಚನ್ನು ತಮ್ಮದಾಗಿ ಇಟ್ಟುಕೊಂಡವರು. ಗೋಲು ಎಣಿಸುವವರು ಛೇತ್ರಿ ಎನ್ನುತ್ತಾರೆ, ಕಪ್ಪಿನ ದಿನ ನೆನೆಯುವವರು ವಿನೀತ್ ಎನ್ನುತ್ತಾರೆ, ಓಟ ಕಂಡವರು ಉದಾಂತ ಎನ್ನುತ್ತಾರೆ. ನನ್ನ ಮತ ಮೂರನೆಯವರಿಗೆ. ಓಟಕ್ಕಾಗಿ ಅಲ್ಲ. ವಿಂಗರನ ಕಸುಬಿನ ಫಲ ಬಹುಪಾಲು ಇನ್ನೊಬ್ಬನ ಹೆಸರಿನಲ್ಲಿ ಜಮೆಯಾಗುವಂಥದ್ದು; ಅವನ ದೊಡ್ಡತನ ಅಳೆಯಬೇಕಾದದ್ದು ಅವನು ಹೊಡೆದ ಗೋಲಿನಿಂದಲ್ಲ, ಅವನಿದ್ದುದರಿಂದ ಮೈದಾನ ಎಷ್ಟು ಅಗಲವಾಯಿತು ಎಂಬುದರಿಂದ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ನಡೆದ ಐಎಸ್‌ಎಲ್ ಫೈನಲ್ ನೋಡಿ. ಒಂಬತ್ತನೇ ನಿಮಿಷದಲ್ಲಿ ಛೇತ್ರಿ ನೆಲಕ್ಕೆ ಹಾರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದ ಚಿತ್ರ ಎಲ್ಲರ ಕಣ್ಣಲ್ಲಿದೆ. ಬಲ ಅಂಚಿನಲ್ಲಿ ಬ್ಯಾಕನ್ನು ಹಿಂದೆ ಹಾಕಿ ಆ ಚೆಂಡನ್ನು ಕಳಿಸಿದ್ದು ಉದಾಂತ. ಆ ದಿನ ಚೆನ್ನೈಯಿನ್ 3–2ರಿಂದ ಗೆದ್ದಿತು, ಹಾಗಾಗಿ ಆ ಕ್ರಾಸ್ ಇನ್ನಷ್ಟು ಬೇಗ ಮರೆತುಹೋಯಿತು.

ಇದು ಬೆಂಗಳೂರಿಗೆ ಮಾತ್ರ ಅಂಟಿದ ಮರೆವಲ್ಲ. ಹಳೆಯ ಪತ್ರಿಕೆಗಳ ಪಂದ್ಯ ವರದಿಯಲ್ಲಿ ಗೋಲು ಹೊಡೆದವನ ಹೆಸರು ಖಚಿತವಾಗಿ ಸಿಗುತ್ತದೆ. ಚೆಂಡು ಕೊಟ್ಟವನದು ವರದಿಗಾರನ ಮರ್ಜಿ. 1949ರಲ್ಲಿ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷ ಗೆದ್ದ ಈಸ್ಟ್ ಬೆಂಗಾಲಿನ ಮುಂಚೂಣಿಯ ಐವರನ್ನು ಪಂಚಪಾಂಡವರೆಂದು ಕರೆಯುತ್ತಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಇವರಲ್ಲಿ ಬೆಂಗಳೂರಿನ ಅಹ್ಮದ್ ಖಾನರನ್ನು ಇಂದಿಗೂ ನೆನೆಯುತ್ತಾರೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10–1ರಲ್ಲಿ ಸೋತಾಗ ಆ ಒಂದು ಗೋಲು ಅವರದೇ. ಆದರೆ ಅವರು ಇನ್‌ಸೈಡ್ ಲೆಫ್ಟ್, ವಿಂಗರ್ ಅಲ್ಲ. ಎರಡು ಅಂಚುಗಳಲ್ಲಿ ಗೆರೆಗೆ ಅಂಟಿಕೊಂಡು ಓಡಿದ ವೆಂಕಟೇಶ್ ಮತ್ತು ಸಾಲೆ ಇಲ್ಲದಿದ್ದರೆ ಅಹ್ಮದರ ಚಾತುರ್ಯಕ್ಕೆ ಅಷ್ಟು ಜಾಗ ಸಿಗುತ್ತಿತ್ತೇ ಎಂದು ಯಾರೂ ಕೇಳುವುದಿಲ್ಲ. ಇದಕ್ಕೆ ಅಪವಾದವಾಗಿ ನಿಲ್ಲುವುದು ಇಂಗ್ಲೆಂಡಿನ ಒಂದು ಪಂದ್ಯ. 1953ರ ಎಫ್‌ಎ ಕಪ್ ಫೈನಲ್ಲಿನಲ್ಲಿ ಬ್ಲ್ಯಾಕ್‌ಪೂಲ್ ಪರ ಮೂರು ಗೋಲು ಹೊಡೆದದ್ದು ಮಾರ್ಟೆನ್ಸನ್, ಗೆಲುವಿನ ಗೋಲು ಹೊಡೆದದ್ದು ಪೆರಿ. ಆದರೂ ಆ ಪಂದ್ಯ ಪ್ರಸಿದ್ಧವಾದದ್ದು ಒಂದೂ ಗೋಲು ಹೊಡೆಯದ ರೈಟ್ ಔಟ್ ಸ್ಟಾನ್ಲಿ ಮ್ಯಾಥ್ಯೂಸ್ ಹೆಸರಿನಲ್ಲಿ. ಅಂದು ಕ್ರೀಡಾಂಗಣದಲ್ಲಿದ್ದವರು ಕಣ್ಣನ್ನು ನಂಬಿದರು, ಅಂಕಪಟ್ಟಿಯನ್ನಲ್ಲ. ಚಲನಚಿತ್ರವೂ ಉಳಿಯದ ನಮ್ಮ ಪಂದ್ಯಗಳ ವಿಷಯದಲ್ಲಿ ಅಂಕಪಟ್ಟಿಯೊಂದೇ ಉಳಿದಿದೆ, ಹಾಗಾಗಿ ನಮ್ಮ ಹಳೆಯ ವಿಂಗರುಗಳೆಲ್ಲ ಬಡವರಾಗಿ ಕಾಣುತ್ತಾರೆ.

ಹಾಗಾದರೆ ಬೇರೆ ಸಾಕ್ಷ್ಯ ಎಲ್ಲಿದೆ? ತಂಡ ಆಡುತ್ತಿದ್ದ ರೀತಿಯಲ್ಲಿ. ಇಲ್ಲಿ ಮುನಿರಾಬಾದಿನ ಹಳೆಯ ರಾಜಧಾನಿ ಉಪಯೋಗಕ್ಕೆ ಬರುತ್ತದೆ. ನಿಜಾಮರ ಕಾಲದ ಕೊನೆಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕೈಗೆತ್ತಿಕೊಂಡ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಮೇಷ್ಟರು, ರಹೀಮ್ ಸಾಹೇಬರೆಂದೇ ಹೆಸರಾದವರು. 1950ರಿಂದ 1954ರವರೆಗೆ ಸತತ ಐದು ವರ್ಷ ಆ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. 1950ರಲ್ಲಿ ಡ್ಯುರಾಂಡ್ ಕಪ್ ಕೂಡ ಬಂತು. ಮುನಿರಾಬಾದಿನಲ್ಲಿ ಅಣೆಕಟ್ಟು ಏಳುತ್ತಿದ್ದದ್ದು ಸರಿಯಾಗಿ ಇದೇ ವರ್ಷಗಳಲ್ಲಿ. ರಹೀಮರು ಬರೀ ಎಡಗಾಲು ಅಥವಾ ಬರೀ ಬಲಗಾಲಿನ ಆಟಗಾರರನ್ನು ಸಹಿಸುತ್ತಿರಲಿಲ್ಲ. ರೂಢಿಯಿಲ್ಲದ ಕಾಲಿನಲ್ಲಿ ಮಾತ್ರ ಚೆಂಡು ಹೊಡೆಯಬೇಕಾದ ಟೂರ್ನಿ, ಡ್ರಿಬಲ್ ಮಾಡಲೇಬಾರದ ಟೂರ್ನಿ ಎಂದು ವಿಚಿತ್ರ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ವಿಂಗರನ ಪಾಲಿಗೆ ಇದರ ಅರ್ಥ ದೊಡ್ಡದು. ಹಳೆಯ 2-3-5 ಆಟದಲ್ಲಿ ಲೆಫ್ಟ್ ಔಟ್ ಎಂದರೆ ಗೆರೆಗುಂಟ ಓಡಿ ಎಡಗಾಲಿನಲ್ಲಿ ಚೆಂಡನ್ನು ಒಳಗೆ ಎಸೆಯುವವನು. ಎದುರಾಳಿ ಬ್ಯಾಕಿಗೆ ಅವನ ದಾರಿ ಮೊದಲೇ ಗೊತ್ತು. ಎರಡೂ ಕಾಲು ಬಲ್ಲವನು ಹೊರಗೂ ಹೋಗಬಲ್ಲ, ಒಳಗೂ ನುಗ್ಗಬಲ್ಲ. ಬ್ಯಾಕು ಎರಡು ಬಾಗಿಲು ಕಾಯಬೇಕು. ಡ್ರಿಬಲ್ ಇಲ್ಲದ ಟೂರ್ನಿ ಕಲಿಸಿದ್ದು ಇನ್ನೊಂದನ್ನು: ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಚಪ್ಪಾಳೆ ಗಿಟ್ಟಿಸುವುದಕ್ಕಿಂತ ಸಮಯಕ್ಕೆ ಬಿಟ್ಟುಕೊಡುವುದು. ಒಬ್ಬ ಒಳ್ಳೆಯ ವಿಂಗರ್ ಹುಟ್ಟಿಬರುತ್ತಾನೆ ಎನ್ನುವುದಕ್ಕಿಂತ ತಂಡವೊಂದು ಅವನನ್ನು ಮಾಡುತ್ತದೆ ಎನ್ನುವುದೇ ಹೆಚ್ಚು ಸರಿ.

ಹಾಗೆ ಆದವರಲ್ಲಿ ಮೊದಲ ಹೆಸರು ತುಳಸಿದಾಸ್ ಬಲರಾಂ. 1936ರಲ್ಲಿ ಸಿಕಂದರಾಬಾದಿನ ಬಳಿಯ ಅಮ್ಮುಗುಡದ ಬಡಕುಟುಂಬದಲ್ಲಿ ಹುಟ್ಟಿದ ಹುಡುಗ. ಅಭ್ಯಾಸಕ್ಕೆ ಬರಲು ಬಾಡಿಗೆ ಸೈಕಲ್ಲಿನ ಹಣವನ್ನು ರಹೀಮರೇ ಕೊಡುತ್ತಿದ್ದರೆಂದು ಅವರೇ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದುಂಟು. 1956ರಲ್ಲಿ ಇಪ್ಪತ್ತರ ಬಲರಾಂ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದರು. ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದ ಭಾರತ ನಾಲ್ಕನೇ ಸ್ಥಾನಕ್ಕೆ ಬಂದದ್ದು ಆಗಲೇ. 1956–57ರಲ್ಲಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ಗೆದ್ದಾಗಲೂ ಅವರು ತಂಡದಲ್ಲಿದ್ದರು. ಇಲ್ಲೊಂದು ತಮಾಷೆ ಇದೆ: ಹೈದರಾಬಾದ್ ರಾಜ್ಯ ಭೂಪಟದಿಂದ ಅಳಿಸಿಹೋದರೂ ಆ ಹೆಸರಿನ ತಂಡ 1957–58ರಲ್ಲಿ ಮತ್ತೊಮ್ಮೆ ಟ್ರೋಫಿ ಎತ್ತಿತು. ಎಡದಂಡೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಗಳು ಅಷ್ಟರಲ್ಲಿ ಮೈಸೂರಿನ ಪಾಲಾಗಿದ್ದವು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬಲರಾಂ ಲೆಫ್ಟ್ ಔಟ್, ನಾಯಕ ಪಿ.ಕೆ. ಬ್ಯಾನರ್ಜಿ ರೈಟ್ ಔಟ್, ನಡುವೆ ಚುನಿ ಗೋಸ್ವಾಮಿ. ಹಂಗೇರಿ ಎದುರು 2–1ರ ಸೋಲಿನಲ್ಲಿ ಭಾರತದ ಗೋಲು ಬಲರಾಂ ಅವರದು, ಪೆರು ಎದುರಿನ 3–1ರ ಸೋಲಿನಲ್ಲೂ ಅವರದೇ. ಆ ಹಂಗೇರಿ ಕಂಚಿನ ಪದಕದೊಂದಿಗೆ ಮನೆಗೆ ಹೋಯಿತು. ಫ್ರಾನ್ಸ್ ಎದುರು 1–1ರ ಸಮಬಲದಲ್ಲಿ ಗೋಲು ಇನ್ನೊಂದು ಅಂಚಿನ ಬ್ಯಾನರ್ಜಿಯದು. ಮೂರು ಪಂದ್ಯದ ಮೂರೂ ಗೋಲು ಇಬ್ಬರು ವಿಂಗರುಗಳ ಕಾಲಿನಿಂದ ಬಂದಿವೆ ಎಂದರೆ ಅದು ಕಾಕತಾಳೀಯವಲ್ಲ. ರಹೀಮರು ತರಬೇತುದಾರರಾಗಿದ್ದ ಭಾರತ ಮೈದಾನದ ಪೂರ್ತಿ ಅಗಲವನ್ನು ಬಳಸಿ ಆಡುತ್ತಿದ್ದ ತಂಡ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. 1950ರ ದಶಕದಲ್ಲಿ ಅಣೆಕಟ್ಟಿನ ಕೂಲಿಗೋ ಪಕ್ಕದ ಹುಲಿಗಿಯ ರೈತನಿಗೋ ಹೈದರಾಬಾದ್ ಪೊಲೀಸ್ ತಂಡದ ಗೊಡವೆ ಇತ್ತೆ? ನಕ್ಷೆಯಲ್ಲಿ ಒಂದೇ ಬಣ್ಣ ಬಳಿದಿದ್ದರು ಎಂದ ಮಾತ್ರಕ್ಕೆ ಬಲರಾಂ ಎಡದಂಡೆಯವರ ಆಟಗಾರ ಆಗಿಬಿಡುತ್ತಾರೆಯೇ? ರಜಾಕಾರರ ದಿನಗಳ ನೆನಪು ಹಸಿಯಾಗಿದ್ದ ಊರುಗಳಲ್ಲಿ ನಿಜಾಮರ ರಾಜಧಾನಿಯ ಪೊಲೀಸರೆಂದರೆ ಅಭಿಮಾನ ಉಕ್ಕುವ ಹೆಸರಾಗಿತ್ತು ಎಂದು ನಾನೂ ಹೇಳಲಾರೆ. ಆದರೆ ಇದೇ ತಕ್ಕಡಿಯಲ್ಲಿ ಇಂದಿನ ಅಭಿಮಾನವನ್ನೂ ತೂಗಬೇಕಲ್ಲ. ಮುನಿರಾಬಾದಿನಿಂದ ಬೆಂಗಳೂರು, ಹೈದರಾಬಾದ್ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಬೆಂಗಳೂರು ಎಫ್‌ಸಿಯ ಹೆಸರಾಂತ ವಿಂಗರುಗಳಲ್ಲಿ ಒಬ್ಬರು ಮಣಿಪುರದವರು, ಒಬ್ಬರು ಕೇರಳದವರು. ಈಸ್ಟ್ ಬೆಂಗಾಲಿನ ಪಂಚಪಾಂಡವರಲ್ಲಿ ಒಬ್ಬರೂ ಬಂಗಾಳಿಯಲ್ಲ, ಆದರೂ ಕಲ್ಕತ್ತಾದ ಅರ್ಧ ಊರು ಅವರನ್ನು ತನ್ನ ಮಕ್ಕಳೆಂದಿತು. ಫುಟ್‌ಬಾಲಿನಲ್ಲಿ ನಮ್ಮತನ ಹುಟ್ಟಿನಿಂದಲೋ ಹತ್ತಿರದಿಂದಲೋ ಬರುವುದಲ್ಲ, ಒಪ್ಪಿಕೊಳ್ಳುವುದರಿಂದ ಬರುವುದು. ಮತ್ತು ಒಪ್ಪಿಕೊಳ್ಳುವುದಕ್ಕೆ ಗಡುವಿಲ್ಲ. 2013ರ ಕ್ಲಬ್ಬನ್ನು ತನ್ನದೆನ್ನುವ ಕುಷ್ಟಗಿಯ ಹುಡುಗನಿಗೆ, ಎಂಟು ವರ್ಷ ತನ್ನ ಜಿಲ್ಲೆಯನ್ನೂ ಒಳಗೊಂಡಿದ್ದ ಸ್ವತಂತ್ರ ಭಾರತದ ರಾಜ್ಯವೊಂದರ ತಂಡವನ್ನು ತನ್ನದೆನ್ನುವ ಹಕ್ಕು ಅದಕ್ಕಿಂತ ಕಡಿಮೆಯೇನಲ್ಲ.

ಬೆಂಗಳೂರಿನ ಹಳಬರು ಇನ್ನೊಂದು ಕಡೆಯಿಂದ ತಕರಾರು ತೆಗೆದಾರು. ಹೈದರಾಬಾದಿಗೆ ಯಾಕೆ ಹೋಗಬೇಕು, 1937ರಲ್ಲೇ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ನಮ್ಮದಲ್ಲವೇ, 1967–68 ಮತ್ತು 1968–69ರಲ್ಲಿ ಮೈಸೂರು ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ತಂದಿಲ್ಲವೇ, 1962ರ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿ ನಮ್ಮ ಅರುಮೈನಾಯಗಂ ಇರಲಿಲ್ಲವೇ ಎಂದು. ಎಲ್ಲವೂ ನಿಜ. ಅರುಮೈನಾಯಗಂ ಮೋಹನ್ ಬಾಗಾನಿನ ಎಡ ಅಂಚಿನಲ್ಲಿ ಮಾಡಿದ ಕೆಲಸಕ್ಕೆ ಬೆಂಗಳೂರಿನಲ್ಲಿ ಸಿಕ್ಕ ಗೌರವ ಕಡಿಮೆಯೇ ಆಯಿತು. ಮೈಸೂರಿನ ಆ ಜೋಡಿ ಗೆಲುವಿನ ನಂತರ ಕರ್ನಾಟಕ ಮತ್ತೆ ಟ್ರೋಫಿ ಮುಟ್ಟಿದ್ದು 54 ವರ್ಷಗಳ ಮೇಲೆ, 2023ರ ಮಾರ್ಚಿನಲ್ಲಿ, ರಿಯಾಧಿನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಅಷ್ಟು ದೀರ್ಘ ಬರಗಾಲದಲ್ಲಿ ಹಳೆಯ ಹೆಸರುಗಳು ಒಣಗಿಹೋಗುವುದು ಸಹಜ. ಆದರೆ ಬೆಂಗಳೂರು ಒಳ್ಳೆಯ ಆಟಗಾರರನ್ನು ಬೆಳೆಸಿ ಕಲ್ಕತ್ತಾಕ್ಕೆ ಕಳಿಸಿದ ಊರು. ಹೈದರಾಬಾದು ಬೆಳೆಸಿದ್ದಷ್ಟೇ ಅಲ್ಲ, ಅವರನ್ನು ಒಂದು ಪದ್ಧತಿಯೊಳಗೆ ಕೂರಿಸಿ ದಶಕದುದ್ದಕ್ಕೂ ಒಟ್ಟಿಗೆ ಆಡಿಸಿತು. ವಿಂಗರನನ್ನು ತಂಡದ ಆಕಾರದಿಂದ ಅಳೆಯಬೇಕು ಎಂದು ಹೊರಟ ಮೇಲೆ ಈ ವ್ಯತ್ಯಾಸವನ್ನು ಬದಿಗಿಡಲಾಗದು.

ಕೊನೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಬೀಳುವಂಥದ್ದು. ಒಳಗೆ ನುಗ್ಗಿ ಗೋಲು ಹೊಡೆಯುತ್ತಾರೆಂದು ಛೇತ್ರಿಯನ್ನು ವಿಂಗರ್ ಸಾಲಿನಿಂದ ಹೊರಗಿಟ್ಟವನು, ಇನ್‌ಸೈಡ್ ಆಗಿಯೂ ಆಡುತ್ತಿದ್ದ, 1961ರ ಕಲ್ಕತ್ತಾ ಲೀಗಿನಲ್ಲಿ ಗೋಲುಗಳ ಸುರಿಮಳೆಗರೆದ ಬಲರಾಂ ಅವರನ್ನು ಒಳಗೆ ಬಿಟ್ಟುಕೊಳ್ಳುವುದು ಯಾವ ನ್ಯಾಯ? ಉತ್ತರ ಅವರು ನಿಂತ ಜಾಗದಲ್ಲಿಲ್ಲ, ಅವರು ಬಿಟ್ಟ ಜಾಗವನ್ನು ಯಾರು ತುಂಬುತ್ತಿದ್ದರು ಎಂಬುದರಲ್ಲಿದೆ. ತರಬೇತುದಾರ ಆಲ್ಬರ್ಟ್ ರೋಕಾ ಅವರ ಬೆಂಗಳೂರು ತಂಡದಲ್ಲಿ ಛೇತ್ರಿ ಎಡ ಅಂಚಿನಿಂದ ಒಳಗೆ ಸರಿದಾಗ ಆ ಗೆರೆಯನ್ನು ಹಿಂದಿನ ಬ್ಯಾಕು ಏರಿಬಂದು ಹಿಡಿಯಬೇಕಾಗುತ್ತಿತ್ತು. ಅಗಲವನ್ನು ತನ್ನೊಬ್ಬನ ಕಾಲಿನಿಂದ ಉಳಿಸಿಕೊಂಡದ್ದು ಬಲಗಡೆಯ ಉದಾಂತ. ರಹೀಮರ ಕಾಲದ ಆಟದಲ್ಲಿ ಬ್ಯಾಕುಗಳು ಹಾಗೆ ಏರಿಬರುವ ರೂಢಿ ಇರಲಿಲ್ಲ. ಲೆಫ್ಟ್ ಔಟ್ ಒಳಗೆ ನುಗ್ಗಿದರೂ ಮತ್ತೆ ಗೆರೆಗೆ ಓಡಿಬರಬೇಕಾದವನು ಅವನೇ. ಬಲರಾಂ ಎರಡೂ ಕೆಲಸ ಮಾಡಿದರು, ಎರಡೂ ಕಾಲಿನಲ್ಲಿ ಮಾಡಿದರು. ಉದಾಂತ ಒಂದು ಕೆಲಸವನ್ನು, ಮೂರ್ನಾಲ್ಕು ಋತು, ದೇಶದಲ್ಲಿ ಬೇರೆ ಯಾರೂ ಮಾಡದಷ್ಟು ಚೆನ್ನಾಗಿ ಮಾಡಿದರು; ಆಮೇಲೆ ಓಟ ಕುಗ್ಗಿತು, ಕ್ರಾಸ್ ಹದ ತಪ್ಪಿತು. ಹಾಗಾಗಿ ಬೆಂಗಳೂರು ಎಫ್‌ಸಿಯ ಪಟ್ಟ ಉದಾಂತರಿಗೆ, ಎರಡೂ ಕಾಲಗಳನ್ನು ಎದುರುಬದುರು ಕೂರಿಸಲೇಬೇಕೆಂದರೆ ನನ್ನ ಓಟು ಬಲರಾಂ ಅವರಿಗೆ. ಅವರು 1957ರಲ್ಲೇ ಹೈದರಾಬಾದ್ ಬಿಟ್ಟು ಈಸ್ಟ್ ಬೆಂಗಾಲಿಗೆ ಹೋದರಲ್ಲ, ಅವರ ಉತ್ತಮ ವರ್ಷಗಳು ಕಲ್ಕತ್ತಾದವಲ್ಲವೇ ಎಂದರೆ, ಹೌದು. ಎಡದಂಡೆಯ ತಾಲ್ಲೂಕುಗಳು ಹೈದರಾಬಾದ್ ಬಿಟ್ಟದ್ದೂ ಅವರಿಗಿಂತ ಕೆಲವೇ ತಿಂಗಳು ಮೊದಲು. ಶ್ವಾಸಕೋಶದ ಕಾಯಿಲೆ 1963ರಲ್ಲಿ ಅವರ ಆಟ ನಿಲ್ಲಿಸಿತು. ಅದೇ ವರ್ಷದ ಜೂನ್ 11ರಂದು ರಹೀಮ್ ತೀರಿಕೊಂಡರು. ಬಲರಾಂ ಆಡಿದ್ದು ಎಂಟು ವರ್ಷವೂ ಇರಲಿಕ್ಕಿಲ್ಲ. ಉದಾಂತರ ಒಂಬತ್ತು ಋತುವಿನ ಎದುರು ಅದನ್ನಿಟ್ಟು ಕಡಿಮೆ ಎನ್ನುವವರು ರೋಮಿನ ಮೂರು ಪಂದ್ಯಗಳನ್ನೂ ಪಕ್ಕದಲ್ಲಿ ಇಡಬೇಕಾಗುತ್ತದೆ.